ನಿಮ್ಮ ಅಕೌಂಟ್ ಮೇಲೆ ಮಷೀನಿಗೆ ಡೌಟ್ ಬರೋದು ಹೇಗೆ, ಬಂದ್ರೆ ಏನ್ ಮಾಡ್ಬೇಕು?

ಪಾಸ್‌ಬುಕ್ಕು, ಎಟಿಎಂ ಕಾರ್ಡು, ಸಿಮ್ಮು ಮೂರೂ ಒಂದ್ ತಿಂಗ್ಳು ಕೊಡಿ, ಕೂತಲ್ಲೇ ದುಡ್ಡು ಬರತ್ತೆ ಅಂತ ಯಾರಾದ್ರೂ ಕೇಳಿದ್ರೆ ಅದೇ ಮ್ಯೂಲ್ ಅಕೌಂಟ್ ದಂಧೆ. ಮ್ಯೂಲ್ ಅಂದ್ರೆ ಹೇಸರಗತ್ತೆ, ಮೂಟೆ ಯಾರದ್ದೋ, ಬೆನ್ನು ನಿಮ್ದು. ಪೊಲೀಸರ ಸೋಗಲ್ಲಿ ಫೋನ್ ಮಾಡಿ ಡಿಜಿಟಲ್ ಅರೆಸ್ಟ್ ಅಂತ ಹೆದರಿಸಿ ಕಿತ್ಕೊಂಡ ದುಡ್ಡು ಇಂಥ ಅಕೌಂಟ್‌ಗಳಲ್ಲೇ ಹಾದು ಮಾಯ ಆಗೋದು.

ಮೊದ್ಲು ಹಳೇ ಕಥೆ. 10 ಲಕ್ಷಕ್ಕಿಂತ ಜಾಸ್ತಿ ಕ್ಯಾಶ್ ಓಡಾಡಿದ್ರೆ ಬ್ಯಾಂಕು ದಿಲ್ಲಿಯ ಎಫ್‌ಐಯುಗೆ (ಅನುಮಾನದ ದುಡ್ಡಿನ ಮೇಲೆ ಕಣ್ಣಿಡೋ ಕೇಂದ್ರ ಸರ್ಕಾರದ ಘಟಕ) ರಿಪೋರ್ಟ್ ಮಾಡ್ಬೇಕು, ಈ ರೂಲು ಈಗ್ಲೂ ಇದೆ, ಆದ್ರೆ ರೂಲು ಗೊತ್ತಿರೋ ಕಳ್ಳ ದುಡ್ಡನ್ನ ಚೂರುಚೂರು ಮಾಡಿ ಹತ್ತು ಅಕೌಂಟಿಗೆ ಹಂಚ್ತಾನೆ, ಪಾಪ ಹಬ್ಬದ ಸೀಸನ್ನಲ್ಲಿ ನೆಟ್ಟಗೆ ವ್ಯಾಪಾರ ಮಾಡಿದ ಅಂಗಡಿಯೋರು ಮಾತ್ರ ಲಿಸ್ಟಲ್ಲಿ ಬರ್ತಾರೆ.

ಈಗಿನ ಮಷೀನು, ಅಂದ್ರೆ ಎಐ, ನೋಡೋದು ಮೊತ್ತಕ್ಕಿಂತ ಹೆಚ್ಚಾಗಿ ಅಕೌಂಟಿನ ನಡವಳಿಕೆ. ಎರಡು ವರ್ಷ ಮಲಗಿದ್ದ ಅಕೌಂಟು ದಿಢೀರಂತ ಎದ್ದಿದೆ, ಮೊಬೈಲ್ ಹೊಸದು, ಯಾವ್ಯಾವ್ದೋ ರಾಜ್ಯದಿಂದ ಸಂಬಂಧನೇ ಇಲ್ಲದವ್ರು ದುಡ್ಡು ಹಾಕ್ತಿದಾರೆ, ಬಂದ ಐದೇ ನಿಮಿಷಕ್ಕೆ ಪೂರ್ತಿ ಖಾಲಿ, ಸಂಜೆಗೆ ಬ್ಯಾಲೆನ್ಸ್ ಸೊನ್ನೆ. ಇದ್ರಲ್ಲಿ ಒಂದೊಂದನ್ನೇ ನೋಡಿದ್ರೆ ತಪ್ಪೇನಿಲ್ಲ, ಎಲ್ಲಾ ಒಟ್ಟಿಗೆ ಬಂದಾಗ ಅನುಮಾನದ ಸ್ಕೋರ್ ಏರತ್ತೆ. ಬೆಂಗಳೂರಲ್ಲೇ ಇರೋ ರಿಸರ್ವ್ ಬ್ಯಾಂಕ್ ಇನ್ನೋವೇಶನ್ ಹಬ್‌ನೋರು ಇದಕ್ಕಂತಲೇ ಮ್ಯೂಲ್‌ಹಂಟರ್.ಎಐ ಮಾಡಿದಾರೆ, 2024ರ ಡಿಸೆಂಬರಲ್ಲಿ ಆಗಿನ ಗವರ್ನರ್ ಶಕ್ತಿಕಾಂತ ದಾಸ್ ಅದರ ಬಗ್ಗೆ ಹೇಳಿದ್ರು, ಮೊದ್ಲು ಟ್ರೈ ಮಾಡಿದ್ದು ಎರಡು ದೊಡ್ಡ ಸರ್ಕಾರಿ ಬ್ಯಾಂಕಲ್ಲಿ.

ಆಮೇಲೆ ನಂಟು ಹುಡುಕೋ ಕೆಲಸ. ಒಂದೇ ಫೋನಿಂದ ಎಂಟು ಜನರ ಅಕೌಂಟ್ ಓಡ್ತಿದ್ಯಾ, ಎಂಟೂ ಕೊನೇಗೆ ಒಂದೇ ಕಡೆ ದುಡ್ಡು ಕಳಿಸ್ತಿವ್ಯಾ? ಕೈಯಲ್ಲಿ ಇದನ್ನ ಬಿಡಿಸೋಕೆ ಕೂತ್ರೆ ವಾರಗಟ್ಟಲೆ ಬೇಕು.

ಮಷೀನು ಅಲರ್ಟ್ ಕೊಡತ್ತೆ ಅಷ್ಟೆ, ಆಮೇಲೆ ಬ್ಯಾಂಕಲ್ಲಿ ಒಬ್ಬ ಮನುಷ್ಯ ಕೂತು ನೋಡ್ಬೇಕು, ಅನುಮಾನ ಗಟ್ಟಿ ಆದ್ರೆ ಎಫ್‌ಐಯುಗೆ ವರದಿ ಹೋಗತ್ತೆ. ಹಾಗೆ ಹೋಗಿದ್ಯೋ ಇಲ್ವೋ ಅಂತ ನಿಮಗೆ ಹೇಳೋ ಹಾಗಿಲ್ಲ, ಕಾನೂನೇ ಹಾಗಿದೆ, ಮ್ಯಾನೇಜರ್ ಬಾಯಿ ಬಿಡ್ತಿಲ್ಲ ಅಂತ ಅವ್ರಿಗೆ ಬೈಬೇಡಿ.

ಈಗ ನಿಮ್ಮ ಕೆಲಸ. ಗುರುತಿಲ್ಲದ ದುಡ್ಡು ಬಂತಾ, ಮುಟ್ಟಬೇಡಿ. "ಸಾರ್ ತಪ್ಪಾಗಿ ಬಂದಿದೆ, ಈ ನಂಬರಿಗೆ ವಾಪಸ್ ಹಾಕಿ" ಅಂತ ಫೋನ್ ಬಂದ್ರೂ ಹಾಕ್ಬೇಡಿ, ಹಾಕಿದ್ರೆ ಹೇಸರಗತ್ತೆ ಕೆಲಸ ನೀವೇ ಮಾಡ್ದಂಗೆ, ಬ್ಯಾಂಕಿಗೆ ಬರವಣಿಗೆಯಲ್ಲಿ ತಿಳಿಸಿ ಸೀಲ್ ಹಾಕಿದ ಕಾಪಿ ಇಟ್ಕೊಳ್ಳಿ. ನಿಮ್ದೇ ದುಡ್ಡು ಹೋಗಿದ್ರೆ ಸುತ್ತಾಡ್ದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ದುಡ್ಡು ಎರಡ್ನೇ ಮೂರ್ನೇ ಅಕೌಂಟಲ್ಲಿ ಇರೋವಾಗ್ಲೇ ತಡೆ ಹಾಕೋಕೆ ನೋಡ್ತಾರೆ, ತಡ ಆದಷ್ಟೂ ಎಟಿಎಂನಲ್ಲಿ ಡ್ರಾ ಆಗ್ಬಿಟ್ಟಿರತ್ತೆ.

ಅಕೌಂಟೇ ಫ್ರೀಜ್ ಆದ್ರೆ? ಬ್ಯಾಂಕಲ್ಲಿ ಕಂಪ್ಲೇಂಟ್ ನಂಬರು, ಯಾವ ರಾಜ್ಯದ ಯಾವ ಠಾಣೆ, ಎಷ್ಟು ಮೊತ್ತಕ್ಕೆ ತಡೆ, ಮೂರನ್ನೂ ಕೇಳಿ ಬರೆದುಕೊಳ್ಳಿ. ಬಿಲ್ಲು, ಆ ದುಡ್ಡು ಯಾಕೆ ಬಂತು ಅನ್ನೋ ಚಾಟು ಎಲ್ಲಾ ಸೇರಿಸಿ ಆ ಠಾಣೆಯ ತನಿಖಾಧಿಕಾರಿಗೆ ಬರೀರಿ. ಬ್ಯಾಂಕಿನ ಕೌಂಟರಲ್ಲಿ ಜಗಳ ಆಡಿದ್ರೆ ಬಿಪಿ ಏರತ್ತೆ, ತಡೆ ಇಳಿಯಲ್ಲ.

ಮಷೀನು ತಪ್ಪು ಮಾಡಲ್ವಾ ಅಂದ್ರೆ, ಮಾಡತ್ತೆ. ಮದುವೆ ದಿನ ನೋಡಿ, ಇನ್ನೂರು ಜನ ಯುಪಿಐನಲ್ಲಿ ಮುಯ್ಯಿ ಹಾಕ್ತಾರೆ, ರಾತ್ರಿ ಅಷ್ಟನ್ನೂ ಅಡುಗೆಯೋರಿಗೆ, ಛತ್ರದೋರಿಗೆ ಕಳಿಸ್ತೀರ, ದೂರದಿಂದ ನೋಡೋರಿಗೆ ಅದೂ ಹೇಸರಗತ್ತೆ ಥರಾನೇ. ಹಾಗಾಗಿ ಯಾರೆಷ್ಟು ಹಾಕಿದ್ರು ಅಂತ ಬರೆಯೋ ಮುಯ್ಯಿ ಪುಸ್ತಕನ, ಛತ್ರದ ರಸೀದಿನ ಒಂದೆರಡು ವರ್ಷ ಎಸೀಬೇಡಿ.