ಫ್ಲ್ಯಾಶ್ ಆದ ಮೇಲಿನ ಐದು ಸೆಕೆಂಡು

ಕಲಬುರಗಿಯಲ್ಲಿ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿಕೊಂಡು ಬರುವವರಿಗೆ ಕಾಂಟ್ರಾಸ್ಟ್ ಎಕೋ (ರಕ್ತಕ್ಕೆ ಅನಿಲದ ಸಣ್ಣ ಗುಳ್ಳೆಗಳನ್ನು ಬಿಟ್ಟು ಅಲ್ಟ್ರಾಸೌಂಡಿನಲ್ಲಿ ಹೃದಯ ನೋಡುವ ಪರೀಕ್ಷೆ) ಮಾಡುವಾಗ ನಾನು ನೋಡುವುದು ಒಂದೇ: ದೊಡ್ಡ ರಕ್ತನಾಳ ತೆರೆದಿದೆ, ಹೃದಯದ ಸ್ನಾಯುವಿನೊಳಗಿನ ಕ್ಯಾಪಿಲರಿಗಳಿಗೆ (ಅತಿ ಸಣ್ಣ ನಾಳಗಳಿಗೆ) ರಕ್ತ ಇಳಿಯುತ್ತಿದೆಯೇ? ಆಂಜಿಯೋಗ್ರಾಮ್‌ನಲ್ಲಿ ಅಷ್ಟು ಸಣ್ಣ ನಾಳ ಕಾಣುವುದಿಲ್ಲ.

ಬಳಸುವುದು ಸೊನೊವ್ಯೂ ಎಂಬ ಗುಳ್ಳೆಗಳ ಕಾಂಟ್ರಾಸ್ಟ್. ವೈಲ್‌ಗೆ 5 ಮಿ.ಲೀ. ನಾರ್ಮಲ್ ಸಲೈನ್ ಹಾಕಿ 20 ಸೆಕೆಂಡು ಜೋರಾಗಿ ಕುಲುಕಿದರೆ ಹಾಲಿನಂತೆ ಬೆಳ್ಳಗಾಗುತ್ತದೆ. ಗುಳ್ಳೆಗಳ ಸರಾಸರಿ ಗಾತ್ರ 2.5 ಮೈಕ್ರಾನ್, ಕೆಂಪು ರಕ್ತಕಣಕ್ಕಿಂತ ಚಿಕ್ಕವು, ರಕ್ತನಾಳ ಬಿಟ್ಟು ಹೊರಗೆ ಹೋಗವು. ಮೊಳಕೈ ಮಡಿಕೆಯಲ್ಲಿ 20 ಗೇಜಿನ ಕ್ಯಾನುಲಾ ಹಾಕುತ್ತೇನೆ. ಸಣ್ಣ ಸೂಜಿಯಲ್ಲಿ ಒತ್ತಿ ತಳ್ಳಿದರೆ ಗುಳ್ಳೆಗಳು ಅಲ್ಲೇ ಒಡೆಯುತ್ತವೆ. ಪಂಪಿನಲ್ಲಿ ನಿಮಿಷಕ್ಕೆ ಸುಮಾರು 1 ಮಿ.ಲೀ.; ಸಿರಿಂಜು ತಿರುಗುತ್ತಲೇ ಇರಬೇಕು, ಇಲ್ಲದಿದ್ದರೆ ಗುಳ್ಳೆಗಳು ಮೇಲೆ ತೇಲಿ ಡೋಸ್ ಏರುಪೇರಾಗುತ್ತದೆ.

ಎಂಐ (ಮೆಕ್ಯಾನಿಕಲ್ ಇಂಡೆಕ್ಸ್, ಅಲ್ಟ್ರಾಸೌಂಡ್ ಅಲೆಯ ಬಲದ ಅಳತೆ) 0.2ಕ್ಕಿಂತ ಕೆಳಗೆ, ಫೋಕಸ್ ಮೈಟ್ರಲ್ ಕವಾಟದ ಮಟ್ಟದಲ್ಲಿ. "ಎಡಕ್ಕ ಹೊಳ್ಳ್ರಿ, ಉಸಿರು ಬಿಟ್ಟು ಹಂಗ ಹಿಡೀರಿ" ಎಂದು ಮೊದಲೇ ಒಮ್ಮೆ ಅಭ್ಯಾಸ ಮಾಡಿಸುತ್ತೇನೆ. ನಡುವೆ ಉಸಿರೆಳೆದರೆ ಚಿತ್ರದ ಪ್ಲೇನ್ ಜಾರಿ ಆ ಲೂಪ್ (ರೆಕಾರ್ಡ್ ಆದ ಸಣ್ಣ ವಿಡಿಯೊ) ಕೆಲಸಕ್ಕೆ ಬರುವುದಿಲ್ಲ. ಆಮೇಲೆ ಎಂಐ ಸುಮಾರು 1.0ಕ್ಕೆ ಏರಿಸಿ 5ರಿಂದ 10 ಫ್ರೇಮ್ ಫ್ಲ್ಯಾಶ್, ಅಂದರೆ ಕ್ಷಣಕಾಲ ಬಲವಾದ ಅಲೆ. ಸ್ನಾಯುವಿನಲ್ಲಿದ್ದ ಗುಳ್ಳೆಗಳು ಒಡೆದು ಅದು ಕಪ್ಪಾಗಬೇಕು, ರಕ್ತ ತುಂಬಿರುವ ಹೃದಯದ ಕೋಣೆ ಬೆಳ್ಳಗೇ ಉಳಿಯಬೇಕು. ಕೋಣೆಯೂ ಕಪ್ಪಾದರೆ ಫ್ಲ್ಯಾಶ್ ಹೆಚ್ಚಾಯಿತೆಂದೇ ಲೆಕ್ಕ.

ಕ್ಯಾಪಿಲರಿಯಲ್ಲಿ ರಕ್ತದ ವೇಗ ಸೆಕೆಂಡಿಗೆ ಸುಮಾರು 1 ಮಿ.ಮೀ.; ಅಲ್ಟ್ರಾಸೌಂಡ್ ಕಿರಣದ ದಪ್ಪ ಸುಮಾರು 5 ಮಿ.ಮೀ. ಆದ್ದರಿಂದ ವಿಶ್ರಾಂತಿಯಲ್ಲಿ 5 ಸೆಕೆಂಡಿನೊಳಗೆ ಸ್ನಾಯು ಮತ್ತೆ ತುಂಬಬೇಕು, ವ್ಯಾಯಾಮ ಅಥವಾ ಔಷಧಿಯ ಸ್ಟ್ರೆಸ್‌ನಲ್ಲಿ 2 ಸೆಕೆಂಡಿನೊಳಗೆ. ತಡವಾಗಿ ತುಂಬಿದರೆ ಹರಿವು ಕಡಿಮೆ. ತುಂಬದೇ ಉಳಿದರೆ ಅಲ್ಲಿ ಕ್ಯಾಪಿಲರಿಗಳೇ ಹಾಳಾಗಿರಬಹುದು. ನಾಳ ತೆರೆದ ಮೇಲೂ ಹೀಗೆ ಕಂಡರೆ ಅದು ನೋ-ರಿಫ್ಲೋ.

ಕಪ್ಪು ಕಂಡ ಕೂಡಲೇ ರಿಪೋರ್ಟ್ ಬರೆಯಬಾರದು. ಹೃದಯದ ಲ್ಯಾಟರಲ್ (ಪಕ್ಕದ) ಗೋಡೆಯ ಬುಡ ಕಪ್ಪಾದರೆ ಬಹುಪಾಲು ಅದು ಪಕ್ಕೆಲುಬಿನ ನೆರಳು, ಇಲ್ಲವೇ ಕಾಂಟ್ರಾಸ್ಟ್ ಹೆಚ್ಚಾಗಿ ಬಿದ್ದ ನೆರಳು. ಪ್ರೋಬ್ ಸರಿಸಿ, ಡೋಸ್ ಇಳಿಸಿ ಮತ್ತೆ ನೋಡುತ್ತೇನೆ. ಏಪೆಕ್ಸ್‌ನಲ್ಲಿ (ಹೃದಯದ ತುದಿಯಲ್ಲಿ) ಕಾಂಟ್ರಾಸ್ಟ್ ಸುಳಿ ಕಂಡರೆ ಎಂಐ ಜಾಸ್ತಿ ಅಥವಾ ಕಾಂಟ್ರಾಸ್ಟ್ ಸಾಲದು. ನಿಜವಾದ ಕೊರತೆ ಒಂದು ಕೊರೊನರಿ (ಹೃದಯಕ್ಕೆ ರಕ್ತ ಕೊಡುವ) ನಾಳದ ವ್ಯಾಪ್ತಿಯಲ್ಲಿ, ಒಳಪದರದಲ್ಲಿ ಹೆಚ್ಚು ಸ್ಪಷ್ಟವಾಗಿ, ಇನ್ನೊಂದು ವ್ಯೂನಲ್ಲೂ ಸಿಗುತ್ತದೆ.

ಸೊನೊವ್ಯೂನಲ್ಲಿರುವ ಪಾಲಿಇಥಿಲೀನ್ ಗ್ಲೈಕಾಲ್‌ಗೆ ಅಲರ್ಜಿ ಇದ್ದವರಿಗೆ ಅದನ್ನು ಕೊಡುವುದಿಲ್ಲ. ತೀವ್ರ ಅಲರ್ಜಿ ಅಪರೂಪ, ಆದರೆ ಬಂದರೆ ಬಹುಪಾಲು ಮೊದಲ ನಿಮಿಷಗಳಲ್ಲೇ ಬರುತ್ತದೆ. ಅದಕ್ಕೇ ಅಡ್ರಿನಲಿನ್ ಟ್ರೇನಲ್ಲಿ ಸಿದ್ಧವಿರದೆ ಶುರು ಮಾಡುವುದಿಲ್ಲ, ಮುಗಿದ ಮೇಲೂ 30 ನಿಮಿಷ ಬಿಪಿ, ಇಸಿಜಿ ನೋಡಿಯೇ ಕಳಿಸುತ್ತೇನೆ.