ತೋಟವನ್ನು ಕಾಡೆಂದು ಬರೆದವರಿಗೆ ಏನು ಹೇಳುವುದು?

ಕೊಡಗನ್ನು ಉಪಗ್ರಹದ ಚಿತ್ರದಲ್ಲಿ ನೋಡಿದರೆ ಮಡಿಕೇರಿ, ಕುಶಾಲನಗರದಂಥ ಪೇಟೆಗಳನ್ನೂ ಗದ್ದೆ ಬಯಲುಗಳನ್ನೂ ಬಿಟ್ಟು ಉಳಿದದ್ದೆಲ್ಲ ಒಂದೇ ಹಸಿರು. ಆ ಮರಗಳ ಕೆಳಗೆ ಇರುವುದು ರೊಬಸ್ಟಾ ತೋಟವೋ, ದೇವರಕಾಡೋ, ಮೀಸಲು ಅರಣ್ಯವೋ ಎಂದು ಮೇಲಿನಿಂದ ಹೇಳುವುದು ಕಷ್ಟ. ತೋಟದ ಕೆಲಸಗಾರರ ಲೈನ್ ಮನೆಗಳಿಗೆ ಹೋಗುವ ದಾರಿ ಸಿಲ್ವರ್ ಓಕ್ ನೆರಳಿಗೆ ನುಗ್ಗಿ ಮಾಯವಾಗಿ ಗುಡ್ಡದ ಆಚೆ ಬದಿಯಲ್ಲಿ ಮತ್ತೆ ಮೇಲೇಳುತ್ತದೆ. ಕಾಫಿ ಒಣಗಿಸುವ ಸಿಮೆಂಟ್ ಕಣ ದೂರದ ಊರಿನಲ್ಲಿ ಕುಳಿತವರ ಕಣ್ಣಿಗೆ ಟೆನಿಸ್ ಅಂಗಣದಂತೆ ಕಾಣುತ್ತದೆ. ನಕ್ಷೆಯಲ್ಲಿ ಹಾಗೆಂದೇ ಗುರುತಿಸಿದ್ದನ್ನು ನಾನು ನೋಡಿದ್ದೇನೆ.

ಆದ್ದರಿಂದ ಇಲ್ಲಿಯ ನಕ್ಷೆ ಸರಿಯಾಗಬೇಕಾದರೆ ಆ ದಾರಿಯಲ್ಲಿ ನಡೆದವರೇ ಬರೆಯಬೇಕು. ಅಂಥವರು ಬರುವುದೂ ಅಪರೂಪ, ಬಂದವರು ಮೊದಲ ದಿನ ತಪ್ಪು ಮಾಡುವುದೂ ಸಹಜ. ತಪ್ಪನ್ನು ಹೇಗೆ ತಿಳಿಸಿದರೆ ಅವರು ಎರಡನೆಯ ದಿನವೂ ಬಂದಾರು ಎಂಬುದೇ ಈ ಲೇಖನದ ವಿಷಯ. ಇಲ್ಲಿ ಹೇಳುತ್ತಿರುವುದು ಓಪನ್‌ಸ್ಟ್ರೀಟ್‌ಮ್ಯಾಪ್ ಬಗ್ಗೆ. 2004ರಲ್ಲಿ ಬ್ರಿಟನ್ನಿನ ಸ್ಟೀವ್ ಕೋಸ್ಟ್ ಆರಂಭಿಸಿದ ಈ ನಕ್ಷೆಯಲ್ಲಿ ಯಾರು ಬೇಕಾದರೂ ಖಾತೆ ತೆರೆದು ತಿದ್ದಬಹುದು. ತಿದ್ದಿದ್ದಕ್ಕೆ ಮೊದಲೇ ಒಪ್ಪಿಗೆ ಕೊಡುವ ಅಧಿಕಾರಿ ಯಾರೂ ಇಲ್ಲ. ಬರೆದದ್ದು ಬರೆದ ಕೂಡಲೇ ದಾಖಲಾಗುತ್ತದೆ. ನೋಡಿ ಹೇಳುವ ಕೆಲಸವೆಲ್ಲ ಆಮೇಲಿನದು, ನಮ್ಮ ನಿಮ್ಮಂಥವರದು.

ಮೊದಲು ಓದಿ, ಆಮೇಲೆ ಬರೆಯಿರಿ

ಒಬ್ಬರು ಒಂದು ಸಲಕ್ಕೆ ಏರಿಸಿದ ತಿದ್ದುಪಡಿಗಳ ಕಂತೆಗೆ ಚೇಂಜ್‌ಸೆಟ್ ಎನ್ನುತ್ತಾರೆ. ನಕ್ಷೆಯನ್ನು ನಿಮ್ಮ ಊರಿನ ಮೇಲೆ ನಿಲ್ಲಿಸಿ ‘ಇತಿಹಾಸ’ ಒತ್ತಿದರೆ ಆ ಭಾಗದಲ್ಲಿ ಇತ್ತೀಚೆಗೆ ಬಂದ ಕಂತೆಗಳು ಸಾಲಾಗಿ ಕಾಣುತ್ತವೆ. ಒಂದೊಂದರಲ್ಲೂ ನಾಲ್ಕು ಸಂಗತಿಗಳನ್ನು ನೋಡಿ: ಬರೆದವರ ಖಾತೆ ಯಾವಾಗಿನದು, ಈವರೆಗೆ ಎಷ್ಟು ತಿದ್ದಿದ್ದಾರೆ, ಯಾವ ಆ್ಯಪ್ ಬಳಸಿದ್ದಾರೆ, ತಮ್ಮ ಬದಲಾವಣೆಯ ಬಗ್ಗೆ ಏನು ಬರೆದಿದ್ದಾರೆ. ಬ್ರೌಸರ್‌ನಲ್ಲಿ ತಿದ್ದುವ ಐಡಿ (iD) ಎಂಬ ಸಾಧನದಲ್ಲಿ ‘ನನ್ನ ತಿದ್ದುಪಡಿಯನ್ನು ಯಾರಾದರೂ ಪರಿಶೀಲಿಸಲಿ’ ಎಂದು ಗುರುತು ಹಾಕುವ ಚೌಕ ಒಂದಿದೆ. ಅದಕ್ಕೆ ಗುರುತು ಹಾಕಿದವರು ಬಾಗಿಲು ತೆರೆದೇ ಕುಳಿತಿದ್ದಾರೆ. ಮೊದಲು ಅವರ ಬಳಿಗೆ ಹೋಗಿ. ಹೊಸಬರ ಕಂತೆಗಳನ್ನೂ ಅನುಮಾನ ಹುಟ್ಟಿಸುವ ಕಂತೆಗಳನ್ನೂ ಸೋಸಿ ತೋರಿಸುವ ಓಎಸ್‌ಎಮ್‌ಚಾ ಎಂಬ ತಾಣವೂ ಇದೆ. ಅದರ ಕೆಂಪು ಗುರುತನ್ನೇ ತೀರ್ಪು ಎಂದು ತಿಳಿಯಬೇಡಿ. ಯಂತ್ರಕ್ಕೆ ಕೊಡವ ಮನೆತನದ ಮೂಲಮನೆಯಾದ ಐನ್‌ಮನೆಯೂ ಗೊತ್ತಿಲ್ಲ, ಊರವರು ಹಬ್ಬಕ್ಕೆ ಸೇರುವ ಬಯಲಾದ ಮಂದೂ ಗೊತ್ತಿಲ್ಲ.

ನೀವೇ ತಪ್ಪಿರಬಹುದು

ಈ ಮೆಟ್ಟಿಲನ್ನು ಹಾರಿ ಮುಂದೆ ಹೋದವನು ನಾನು, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ರಸ್ತೆಗಳೇ ಕೊಚ್ಚಿಹೋದವು. ಮಂಗಳೂರಿನ ಹೆದ್ದಾರಿ ವಾರಗಟ್ಟಲೆ ಮುಚ್ಚಿತ್ತು. ಅದಾದ ಮೇಲೆ ಹೊಸ ಖಾತೆಯೊಂದರಿಂದ ಕುಸಿದ ಗುಡ್ಡವೊಂದರ ಬದಿಯಲ್ಲಿ ಅಂಕುಡೊಂಕಾದ ಗೆರೆಯೊಂದು ಬಂತು. ನಾನು ಉಪಗ್ರಹದ ಚಿತ್ರ ತೆರೆದು ನೋಡಿದೆ: ಅಲ್ಲಿ ದಾರಿಯೇ ಇಲ್ಲ, ಹಳೆಯ ರಸ್ತೆ ನೆಟ್ಟಗೆ ಇದೆ. ‘ಇಲ್ಲಿ ರಸ್ತೆ ಇಲ್ಲ. ದಯವಿಟ್ಟು ಊಹಿಸಿ ಬರೆಯಬೇಡಿ’ ಎಂದು ಬರೆದು ಗೆರೆಯನ್ನು ಅಳಿಸಿದೆ. ಆ ಚಿತ್ರ ಕುಸಿತಕ್ಕಿಂತ ಮೊದಲಿನದು ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ತಿಂಗಳುಗಳ ನಂತರ ಅತ್ತ ಹೋದಾಗ ನಮ್ಮ ಜೀಪು ಅದೇ ಅಂಕುಡೊಂಕಿನ ಮೇಲೆ ಹತ್ತಿತು.

ಹಾಗಾಗಿ ತಪ್ಪು ಎಂದು ಅನ್ನಿಸಿದ ಕೂಡಲೇ ಮೂರು ಪ್ರಶ್ನೆಗಳನ್ನು ನಿಮಗೆ ನೀವೇ ಕೇಳಿಕೊಳ್ಳಿ. ನಾನು ನೋಡುತ್ತಿರುವ ಚಿತ್ರ ಎಷ್ಟು ಹಳೆಯದು? ಅದು ಸರಿಯಾದ ಜಾಗದಲ್ಲಿ ಕುಳಿತಿದೆಯೇ? ಗುಡ್ಡಗಾಡಿನಲ್ಲಿ ಚಿತ್ರವೇ ಕೆಲವು ಮೀಟರ್ ಪಕ್ಕಕ್ಕೆ ಸರಿದಿರುವುದುಂಟು; ಒಂದು ಚಿತ್ರದಲ್ಲಿ ರಸ್ತೆಯ ಮೇಲೆ ಬಿದ್ದ ಗೆರೆ ಇನ್ನೊಂದರಲ್ಲಿ ಹೊಳೆಯಲ್ಲಿ ಬಿದ್ದಿರುತ್ತದೆ. ಮೂರನೆಯದು, ಅವರು ನಡೆದು ಹೋಗಿ ಮೊಬೈಲಿನಲ್ಲಿ ದಾಖಲಿಸಿದ ದಾರಿಯೇ ಇದು? ದಟ್ಟ ಮರಗಳ ಕೆಳಗೆ ಜಿಪಿಎಸ್ ಕುಡಿದವರಂತೆ ಓಲಾಡುತ್ತದೆ. ಗೆರೆ ಓಲಾಡಿದ್ದರೆ ಅದು ಎಷ್ಟೋ ಸಲ ಬರೆದವರು ಖುದ್ದಾಗಿ ಅಲ್ಲಿಗೆ ಹೋಗಿದ್ದಕ್ಕೆ ಸಾಕ್ಷಿ.

ಯಾವುದು ತುರ್ತು, ಯಾವುದು ಅಲ್ಲ

ಕೆಲವು ತಪ್ಪುಗಳು ಆ ಕ್ಷಣದಿಂದಲೇ ಜನರನ್ನು ದಾರಿ ತಪ್ಪಿಸುತ್ತವೆ. ಹೆದ್ದಾರಿ 275ರ ಒಂದು ತುಂಡು ಕೈತಪ್ಪಿ ಅಳಿದಿದ್ದರೆ ಮೊದಲು ಅದನ್ನು ಸರಿಪಡಿಸಿ, ಆಮೇಲೆ ತಿಳಿಸಿ. ತಡಿಯಂಡಮೋಳ್ ಬೆಟ್ಟದ ಕಾಲುದಾರಿಯನ್ನು ವಾಹನದ ರಸ್ತೆ ಎಂದು ಬರೆದಿದ್ದರೂ ಹಾಗೆಯೇ. ತೋಟದ ಖಾಸಗಿ ದಾರಿಯನ್ನು ಊರಿನ ರಸ್ತೆ ಎಂದು ಗುರುತಿಸಿದರೆ ಏನಾಗುತ್ತದೆ ಎಂದು ಇಲ್ಲಿಯ ಬೆಳೆಗಾರರಿಗೆ ಹೇಳಬೇಕಾಗಿಲ್ಲ: ಶನಿವಾರ ರಾತ್ರಿ ಹನ್ನೊಂದಕ್ಕೆ ಗೇಟಿನ ಮುಂದೆ ಕಾರು, ನಾಯಿಗಳ ಗಲಾಟೆ, ‘ಮ್ಯಾಪ್ ಇದನ್ನೇ ತೋರಿಸಿತು ಸಾರ್’ ಎಂಬ ಪ್ರವಾಸಿಗರು. ಆನೆ ಓಡಾಡುವ ಕಡೆ ಇದು ಬರಿಯ ಕಿರಿಕಿರಿಯ ಮಾತೂ ಅಲ್ಲ. ಅಲ್ಲಿ ‘ಖಾಸಗಿ’ ಎಂಬ ಗುರುತು ಸೇರಿಸಿದರೆ ಸಾಕು, ಗೆರೆಯನ್ನೇ ಅಳಿಸಬೇಕಾಗಿಲ್ಲ.

ಉಳಿದವು ಕಾಯಬಲ್ಲವು. ತೋಟವನ್ನು ಕಾಡೆಂದು ಬರೆದರೆ, ಕಟ್ಟಡದ ಮೂಲೆ ಸೊಟ್ಟಗಿದ್ದರೆ, ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಮಾತ್ರ ಬರೆದಿದ್ದರೆ ಆಕಾಶ ಕಳಚಿ ಬೀಳುವುದಿಲ್ಲ. ಅವನ್ನು ನೀವು ತಿದ್ದಬೇಡಿ, ಹೊಸಬರ ಕೈಗೇ ಬಿಡಿ. ತಾವೇ ಒಮ್ಮೆ ತಿದ್ದಿದವರಿಗೆ ಕೈ ಕುದುರುತ್ತದೆ. ಬೆಳಗಾಗುವುದರೊಳಗೆ ಯಾರೋ ಎಲ್ಲವನ್ನೂ ಬದಲಿಸಿಟ್ಟದ್ದನ್ನು ಕಂಡವರಿಗೆ ಇದು ತಮ್ಮ ನಕ್ಷೆಯಲ್ಲ ಎನ್ನಿಸುತ್ತದೆ.

ಬರೆಯುವ ಬಗೆ

ಚೇಂಜ್‌ಸೆಟ್‌ನ ಕೆಳಗೆ ಮಾತು ಬರೆಯಲು ಜಾಗವಿದೆ. ಬರೆದರೆ ಆ ವ್ಯಕ್ತಿಗೆ ಇ-ಮೇಲ್ ಹೋಗುತ್ತದೆ. ಅಲ್ಲಿ ಬರೆದದ್ದನ್ನು ಊರೆಲ್ಲ ಓದಬಹುದು ಎಂಬುದನ್ನು ಮರೆಯಬೇಡಿ. ಸಾಮಾನ್ಯವಾಗಿ ಕಾಣುವ ಬರವಣಿಗೆ ಹೀಗಿರುತ್ತದೆ:

‘ಇದು ಕಾಡಲ್ಲ. ವಿಕಿ ಓದಿ. ರಿವರ್ಟ್ ಮಾಡಲಾಗಿದೆ.’

ವಿಕಿ ಎಂದರೆ ಈ ನಕ್ಷೆ ಬರೆಯುವ ಬಗೆಯನ್ನು ವಿವರಿಸುವ ತಾಣ, ರಿವರ್ಟ್ ಎಂದರೆ ತಿದ್ದಿದ್ದನ್ನು ಮೊದಲಿನಂತೆ ಮಾಡುವುದು. ಮೂರು ವಾಕ್ಯ, ಮೂರೂ ಕಪಾಳಕ್ಕೆ. ಕೊನೆಯ ವಾಕ್ಯಕ್ಕೆ ಕರ್ತೃವೂ ಇಲ್ಲ, ಸರ್ಕಾರಿ ಸುತ್ತೋಲೆಯ ಹಾಗೆ. ಅದೇ ವಿಷಯವನ್ನು ಹೀಗೆ ಬರೆಯಬಹುದು:

‘ನಮಸ್ಕಾರ. ಹೊಳೆಯ ಮೇಲಿನ ಕಾಲುಸಂಕವನ್ನು ನೀವು ಸೇರಿಸಿದ್ದು ನೋಡಿದೆ, ಇಷ್ಟು ದಿನ ಅದು ನಕ್ಷೆಯಲ್ಲಿ ಇರಲಿಲ್ಲ. ಒಂದು ಸಂದೇಹ: ಸಂಕ ದಾಟಿದ ಮೇಲೆ ಬಲಗಡೆ ಕಾಡು ಎಂದು ಗುರುತಿಸಿದ ಜಾಗ ಕಾಫಿ ತೋಟವೇ? ಮರಗಳು ಸಾಲಾಗಿ ಇರುವಂತೆ ಕಂಡದ್ದರಿಂದ ಕೇಳಿದೆ. ತೋಟವಾದರೆ ಅದಕ್ಕೆ ಬೇರೆ ವರ್ಗವಿದೆ, ಬೆಳೆ ಕಾಫಿ ಎಂದೂ ಬರೆಯಬಹುದು. ಬದಲಾಯಿಸಿ ನೋಡುತ್ತೀರಾ? ನಾನು ಆ ಕಡೆ ಬಂದವನಲ್ಲ, ನೀವು ಕಣ್ಣಾರೆ ನೋಡಿದ್ದರೆ ತಿಳಿಸಿ.’

ಇಲ್ಲಿ ಹೊಗಳಿಕೆ ಕಾಲುಸಂಕಕ್ಕೆ ಸಂದಿದೆ. ‘ಒಳ್ಳೆಯ ಕೆಲಸ’ ಎಂದು ಮೊಗಮ್ಮಾಗಿ ಬರೆದರೆ ಮುಂದೆ ಬರುವ ‘ಆದರೆ’ಗಾಗಿ ಓದುವವರು ಮೈ ಬಿಗಿ ಹಿಡಿದು ಕಾಯುತ್ತಾರೆ. ಎತ್ತಿದ ತಪ್ಪೂ ಒಂದೇ. ಅವರ ಕಂತೆಯಲ್ಲಿ ಏಳು ತಪ್ಪುಗಳಿದ್ದರೂ ಮೊದಲ ಸಲಕ್ಕೆ ಒಂದು, ಹೆಚ್ಚೆಂದರೆ ಎರಡು. ಪದೇ ಪದೇ ಆಗುವಂಥದ್ದನ್ನು ಆರಿಸಿ. ಅದೊಂದು ಸರಿಯಾದರೆ ಮುಂದಿನ ಐವತ್ತು ಸರಿಯಾಗುತ್ತವೆ. ವಿಕಿಯ ಕೊಂಡಿ ಕೊಡುವುದಾದರೆ ಸರಿಯಾದ ಪುಟದ್ದನ್ನೇ ಕೊಡಿ. ಮುಖಪುಟದ ಕೊಂಡಿ ಕೊಟ್ಟು ಕಳಿಸುವುದು, ದಾರಿ ಕೇಳಿದವರಿಗೆ ಗ್ರಂಥಾಲಯ ತೋರಿಸಿದ ಹಾಗೆ.

ಅವರು ಕನ್ನಡದಲ್ಲಿ ಬರೆದಿದ್ದರೆ ಕನ್ನಡದಲ್ಲೇ ಉತ್ತರಿಸಿ, ಇಂಗ್ಲಿಷಿನಲ್ಲಿ ಬರೆದಿದ್ದರೆ ಇಂಗ್ಲಿಷಿನಲ್ಲಿ. ವಯಸ್ಸು ಗೊತ್ತಾಗುವುದಿಲ್ಲವಾದ್ದರಿಂದ ಎಲ್ಲರಿಗೂ ‘ನೀವು’. ಪಿಯುಸಿ ಹುಡುಗ ಎಂದು ನಾನು ಅಂದಾಜಿಸಿದ್ದ ಖಾತೆಯೊಂದು ನಿವೃತ್ತ ಹೆಡ್‌ಮೇಷ್ಟರದಾಗಿತ್ತು.

ಹೆಸರು, ಹೋಂಸ್ಟೇ, ನಕಲು

ಕೊಡಗಿನಲ್ಲಿ ಜಗಳ ಹುಟ್ಟುವುದು ಹೆಚ್ಚಾಗಿ ಹೆಸರಿನಲ್ಲಿ. ಒಂದೇ ಊರಿಗೆ ಫಲಕದಲ್ಲಿ ಒಂದು ಹೆಸರು, ಕೊಡವ ತಕ್ಕ್‌ನಲ್ಲಿ ಇನ್ನೊಂದು ರೂಪ, ಹಳಬರ ಬಾಯಲ್ಲಿ ಮತ್ತೊಂದು. ಕುಶಾಲನಗರವನ್ನು ಫ್ರೇಜರ್‌ಪೇಟೆ ಎಂದ ಕಾಲವೂ ಇತ್ತು. ಹೊಸಬರು ತಾವು ಕರೆಯುವ ಹೆಸರನ್ನು ಹಾಕಿ ಉಳಿದದ್ದನ್ನು ಅಳಿಸಿಬಿಡುತ್ತಾರೆ. ‘ನಿಮ್ಮದು ತಪ್ಪು’ ಎಂದರೆ ಅಲ್ಲಿಗೆ ಮುಗಿಯಿತು, ಭಾಷೆಯ ಮಾತು ನೇರವಾಗಿ ಎದೆಗೆ ತಾಗುತ್ತದೆ. ಈ ನಕ್ಷೆಯಲ್ಲಿ ಪ್ರತಿ ಭಾಷೆಯ ಹೆಸರಿಗೂ ಬೇರೆ ಬೇರೆ ಜಾಗವಿದೆ, ಹಳೆಯ ಹೆಸರಿಗೂ ಇದೆ. ಕೊಡವ ಭಾಷೆಗೆ ಕೆಎಫ್‌ಎ ಎಂಬ ಅಂತರರಾಷ್ಟ್ರೀಯ ಸಂಕೇತವೂ ಇದೆ. ‘ನೀವು ಬರೆದ ಹೆಸರು ಇಲ್ಲಿ ಇರಲಿ, ಫಲಕದ ಹೆಸರು ಅಲ್ಲಿ ಇರಲಿ’ ಎಂದು ಎರಡಕ್ಕೂ ಜಾಗ ತೋರಿಸಿ. ಐನ್‌ಮನೆಗೆ ಒಕ್ಕದ (ಮನೆತನದ) ಹೆಸರು ಬರೆದರೆ ತೊಂದರೆ ಕಾಣೆ, ಅದನ್ನು ಊರೇ ಬಲ್ಲದು. ಪಕ್ಕದ ಮನೆಗೆ ಅಲ್ಲಿ ವಾಸಿಸುವವರ ಹೆಸರು ಬರೆದಿದ್ದರೆ ಮಾತ್ರ ಮೆಲ್ಲಗೆ ತೆಗೆಸಿ.

ಹೋಂಸ್ಟೇ ಮಾಲೀಕರು ಬಂದು ‘ಕೂರ್ಗಿನ ಅತ್ಯುತ್ತಮ ಹೋಂಸ್ಟೇ, ಇಂದೇ ಕರೆ ಮಾಡಿ’ ಎಂದು ಹೆಸರಿನ ಜಾಗದಲ್ಲೇ ತುಂಬುತ್ತಾರೆ. ಜಾಹೀರಾತುದಾರ ಎಂದು ಓಡಿಸಬೇಡಿ. ಹೋಂಸ್ಟೇ ನಕ್ಷೆಗೆ ಬೇಕಾದದ್ದೇ. ಹೆಸರಿಗೆ ಹೆಸರು, ಫೋನ್ ಸಂಖ್ಯೆಗೆ ಅದರ ಜಾಗ, ‘ಅತ್ಯುತ್ತಮ’ಕ್ಕೆ ಜಾಗವಿಲ್ಲ ಎಂದು ತಿಳಿಸಿದರೆ ಹೆಚ್ಚಿನವರು ಒಪ್ಪುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ಮೃದುವಾಗಿ ಆರಂಭಿಸಿ ಗಟ್ಟಿಯಾಗಿ ಮುಗಿಸಬೇಕು. ಅದು ಗೂಗಲ್ ಮ್ಯಾಪ್‌ನಿಂದ ನೋಡಿ ನಕಲು ಮಾಡಿದ್ದು. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮಾಹಿತಿಯನ್ನು 2012ರಿಂದ ಓಡಿಬಿಎಲ್ ಎಂಬ ಮುಕ್ತ ಪರವಾನಗಿಯ ಅಡಿಯಲ್ಲಿ ಎಲ್ಲರಿಗೂ ಕೊಡಲಾಗುತ್ತಿದೆ. ಇನ್ನೊಬ್ಬರ ಹಕ್ಕಿನ ನಕ್ಷೆಯಿಂದ ಎತ್ತಿದ್ದನ್ನು ಹಾಗೆ ಹಂಚುವಂತಿಲ್ಲ. ‘ಈ ಹೆಸರುಗಳು ನಿಮಗೆ ಎಲ್ಲಿ ಸಿಕ್ಕಿದವು?’ ಎಂದು ಕೇಳಿ. ನಕಲು ಎಂದು ಗೊತ್ತಾದರೆ ಕಾರಣ ಹೇಳಿ ತೆಗೆಸಿ. ಇದರಲ್ಲಿ ಚೌಕಾಶಿ ಇಲ್ಲ.

ಕಾಯುವುದು

ಎಷ್ಟು ದಿನ? ನಾನು ಎರಡು ವಾರ ಎಂದು ಇಟ್ಟುಕೊಂಡಿದ್ದೇನೆ, ಜನವರಿಯ ಕಾಫಿ ಕೊಯ್ಲಿನಲ್ಲಿ ಅದಕ್ಕಿಂತ ಹೆಚ್ಚು. ಜುಲೈ ಮಳೆಗೆ ಮರ ಬಿದ್ದು ಮೂರು ದಿನ ಕರೆಂಟೇ ಇಲ್ಲದ ಊರಿನವರಿಗೆ ಇಪ್ಪತ್ತನಾಲ್ಕು ಗಂಟೆಯ ಗಡುವು ಕೊಟ್ಟವರನ್ನು ಕಂಡಿದ್ದೇನೆ. ಮೊಬೈಲ್ ಆ್ಯಪ್‌ನಿಂದ ಒಂದು ಅಂಗಡಿ ಸೇರಿಸಿ ಹೋದವರಿಗೆ ಯಾರೋ ತಮಗೆ ಬರೆದಿದ್ದಾರೆ ಎಂಬುದೇ ತಿಳಿದಿರುವುದಿಲ್ಲ. ಉತ್ತರ ಬಾರದಿದ್ದರೆ ನೀವೇ ತಿದ್ದಿ, ಏನು ತಿದ್ದಿದಿರಿ ಎಂದು ಅದೇ ಜಾಗದಲ್ಲಿ ಒಂದು ಸಾಲು ಬರೆಯಿರಿ. ತಿದ್ದುವಾಗ ಅವರ ಗೆರೆಯನ್ನು ಅಳಿಸಿ ಹೊಸದು ಎಳೆಯಬೇಡಿ, ಇದ್ದುದನ್ನೇ ಸರಿಸಿ. ಇತಿಹಾಸದಲ್ಲಿ ಅವರ ಹೆಸರು ಉಳಿಯುತ್ತದೆ. ಹೇಳಿದರೂ ಕೇಳದೆ ಬೇಕೆಂದೇ ಕೆಡಿಸುತ್ತಿದ್ದರೆ ದೂರು ಕೊಡಲು ಈ ನಕ್ಷೆಯದೇ ಆದ ಡೇಟಾ ವರ್ಕಿಂಗ್ ಗ್ರೂಪ್ ಎಂಬ ತಂಡವಿದೆ. ನನಗೆ ಇದುವರೆಗೆ ಅದರ ಅಗತ್ಯ ಬಿದ್ದಿಲ್ಲ.

ಉತ್ತರ ಬಂದರೆ ಆ ದಿನವೇ ಮರುಮಾತು ಬರೆಯಿರಿ. ನೀವು ತಪ್ಪಿದ್ದರೆ ಅದನ್ನೂ ಅಲ್ಲೇ, ಎಲ್ಲರೂ ಓದುವ ಜಾಗದಲ್ಲೇ ಒಪ್ಪಿಕೊಳ್ಳಿ. ಕುಸಿದ ಗುಡ್ಡದ ಬದಿಯ ಆ ಗೆರೆಯನ್ನು ನಾನು ಹಳೆಯ ಆವೃತ್ತಿಯಿಂದ ಮರಳಿ ತಂದೆ. ಅಳಿಸಿದ್ದು ಪೂರ್ತಿ ಹೋಗುವುದಿಲ್ಲ ಎಂಬುದು ಈ ನಕ್ಷೆಯ ದೊಡ್ಡ ಗುಣ. ನನ್ನ ಹಳೆಯ ಎರಡು ವಾಕ್ಯಗಳ ಕೆಳಗೆ ‘ರಸ್ತೆ ಇದೆ, ಜೀಪಿನಲ್ಲಿ ಹೋಗಿ ಬಂದೆ, ಕ್ಷಮಿಸಿ’ ಎಂದು ಬರೆದೆ. ಆ ಖಾತೆಯಿಂದ ಬಂದ ಕಂತೆ ಈಗಲೂ ಅದೊಂದೇ.