ಗುರುವಾರದ ಟರ್ಕಿಗೆ ಶನಿವಾರವೇ ತಯಾರಿ

ನ್ಯೂಜೆರ್ಸಿಗೆ ಬಂದ ಮೊದಲ ವರ್ಷ, ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಬೆಳಿಗ್ಗೆ ಟರ್ಕಿ ಕೋಳಿಯ ಹೊಟ್ಟೆಯೊಳಗೆ ಕೈ ಹಾಕಿದರೆ ಬೆರಳು ಮರಗಟ್ಟುವಂಥ ಮಂಜುಗಡ್ಡೆ. ಫ್ರೀಜರ್‌ನಿಂದ ಇಳಿಸಿದ್ದೇ ಹಿಂದಿನ ರಾತ್ರಿ. ಊರಿನಲ್ಲಿ ನಾಟಿಕೋಳಿ ಕುಯ್ದು ಮಧ್ಯಾಹ್ನದೊಳಗೆ ಸಾರು ಇಳಿಸುತ್ತಿದ್ದವಳಿಗೆ, ಒಂದು ಕೋಳಿಯ ಗಡ್ಡೆ ಕರಗಲು ಮೂರು ನಾಲ್ಕು ದಿನ ಬೇಕೆಂದು ಹೇಗೆ ಗೊತ್ತಾಗಬೇಕು? ನೆಂಟರು ಅಂದು ಚಿತ್ರಾನ್ನ ತಿಂದು ಹೋದರು.

ಲೆಕ್ಕ ಕಷ್ಟದ್ದಲ್ಲ. ಫ್ರಿಜ್‌ನ ಕೆಳಗಿನ ಅರೆಯಲ್ಲಿ, ನೀರು ಸೋರದಂತೆ ಅಂಚಿರುವ ತಟ್ಟೆಯಲ್ಲಿಟ್ಟರೆ ಪ್ರತಿ 4–5 ಪೌಂಡಿಗೆ ಒಂದು ಇಡೀ ದಿನ ಬೇಕು. ಹತ್ತು ಜನರಿಗೆ 14 ಪೌಂಡಿನದು, ಅಂದರೆ ಆರು ಕಿಲೋ ದಾಟಿದ್ದು, ಧಾರಾಳವಾಗಿ ಸಾಕು. ಅದನ್ನು ಶನಿವಾರ ಸಂಜೆಯೇ ಕೆಳಗಿಳಿಸಿ. ಮರೆತಿದ್ದರೆ ಪ್ಯಾಕೆಟ್ ಒಡೆಯದೆ ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಾಯಿಸಿ. ಪೌಂಡಿಗೆ ಅರ್ಧ ಗಂಟೆಯಂತೆ ಏಳು ತಾಸಿನ ಚಾಕರಿ. ಹೀಗೆ ಕರಗಿಸಿದ್ದನ್ನು ಆಗಲೇ ಬೇಯಿಸಿಬಿಡಬೇಕು. ಅಡುಗೆ ಕಟ್ಟೆಯ ಮೇಲೆ ಮಾತ್ರ ಬಿಡಬೇಡಿ. ಒಳಗೆ ಗಡ್ಡೆ ಇರುವಾಗಲೇ ಹೊರಗಿನ ಮಾಂಸ ಕೆಡಲು ಶುರುವಾಗುತ್ತದೆ.

ಬುಧವಾರ ಬೆಳಿಗ್ಗೆ ಬಿಚ್ಚಿ. ಹೊಟ್ಟೆಯಲ್ಲಿ ಕತ್ತಿನ ತುಂಡು, ಕತ್ತಿನ ಕಡೆಯ ಚರ್ಮದಡಿ ಈಲಿ, ಗುಂಡಿಗೆಗಳ ಸಣ್ಣ ಪೊಟ್ಟಣ ಇರುತ್ತದೆ. ಎರಡೂ ಕಡೆ ಕೈಯಾಡಿಸಿ ಹೊರತೆಗೆಯಿರಿ. ಎಷ್ಟೋ ಮನೆಗಳಲ್ಲಿ ಆ ಪೊಟ್ಟಣ ಟರ್ಕಿಯ ಜೊತೆಗೇ ಬೆಂದು ಮೇಜಿಗೆ ಬಂದಿದೆ. ನಾವು ಅರಿಶಿನ ಹಾಕಿ ಮೂರು ನೀರಿನಲ್ಲಿ ತೊಳೆಯುವವರು. ಇಲ್ಲಿ ತೊಳೆಯಬೇಡಿ ಎನ್ನುತ್ತಾರೆ. ಇಷ್ಟು ದೊಡ್ಡದನ್ನು ನಲ್ಲಿಯ ಕೆಳಗೆ ಹಿಡಿದರೆ ಕೊಳೆನೀರು ಸಿಂಕಿನ ಸುತ್ತ ಎರಚುತ್ತದೆ, ರೋಗಾಣು ತರಕಾರಿಗೂ ಹತ್ತುತ್ತದೆ. ನಾನೂ ಆ ಅಭ್ಯಾಸ ಬಿಟ್ಟೆ, ಮನಸ್ಸಿಲ್ಲದ ಮನಸ್ಸಿನಿಂದ. ಕಾಗದದ ಟವೆಲ್‌ನಿಂದ ಒಳಹೊರಗೆ ಚೆನ್ನಾಗಿ ಒರೆಸಿ.

ಇನ್ನು ಉಪ್ಪು. ರುಚಿಯ ಮುಕ್ಕಾಲು ಪಾಲು ಇದರಲ್ಲೇ ಇದೆ. ಮೊದಲು ಪ್ಯಾಕೆಟ್ಟಿನ ಚೀಟಿ ಓದಿ; ಉಪ್ಪುನೀರು ಸೇರಿಸಿದ್ದೇವೆ ಎಂದಿದ್ದರೆ ಮತ್ತೆ ಉಪ್ಪು ಹಚ್ಚಬೇಡಿ. ಇಲ್ಲದಿದ್ದರೆ 5 ಪೌಂಡಿಗೆ ಒಂದು ದೊಡ್ಡ ಚಮಚ ಹರಳಾದ ಕೋಷರ್ ಉಪ್ಪು, ಪುಡಿ ಉಪ್ಪಾದರೆ ಅರ್ಧ. ಎದೆಯ ಚರ್ಮದಡಿ ಬೆರಳು ತೂರಿಸಿ ಮೆಲ್ಲಗೆ ಬಿಡಿಸುತ್ತಾ ಹೋಗಿ. ತೆಳ್ಳಗಿನ ಪೊರೆ ಪಟಪಟನೆ ಬಿಟ್ಟು ಅಂಗೈ ಹಿಡಿಸುವಷ್ಟು ಜೇಬಾಗುತ್ತದೆ. ಉಗುರು ಮೊದಲೇ ಕತ್ತರಿಸಿಕೊಂಡಿರಿ, ಚರ್ಮ ಹರಿದರೆ ಹೊಲಿಯಲಾಗದು. ಉಪ್ಪಿನ ಹೆಚ್ಚಿನ ಪಾಲು ಈ ಜೇಬಿನೊಳಗೆ, ಮಿಕ್ಕಿದ್ದು ಮೇಲೆ. ಮುಚ್ಚಳವಿಲ್ಲದೆ ಒಂದು ದಿನ ಫ್ರಿಜ್‌ನಲ್ಲಿಡಿ. ಉಪ್ಪು ಮೊದಲು ನೀರು ಬಿಡಿಸುತ್ತದೆ, ಆ ನೀರೇ ಉಪ್ಪನ್ನು ಕರಗಿಸಿಕೊಂಡು ಮಾಂಸದೊಳಕ್ಕೆ ವಾಪಸಾಗುತ್ತದೆ. ಚರ್ಮ ಒಣಗಿ ಗರಿಗರಿಯಾಗಲು ಸಿದ್ಧವಾಗುತ್ತದೆ.

ಗುರುವಾರ ಬೆಣ್ಣೆಗೆ ಜಜ್ಜಿದ ಬೆಳ್ಳುಳ್ಳಿ, ಶುಂಠಿ, ಕುಟ್ಟಿದ ಕಾಳುಮೆಣಸು ಕಲಸಿ ಅದೇ ಜೇಬಿಗೆ ತುಂಬಿ. ಮೇಲೆ ಸವರಿದರೆ ಬೆಳ್ಳುಳ್ಳಿ ಕರಕಲಾಗುತ್ತದೆ. ಅಲ್ಲಿಗೆ ಬರಿಯ ಎಣ್ಣೆ ಸಾಕು. ರೆಕ್ಕೆಯ ತುದಿಗಳನ್ನು ಬೆನ್ನಡಿಗೆ ಮಡಚಿ. ಹೊಟ್ಟೆಗೆ ತುಂಬುವ ಬ್ರೆಡ್ಡಿನ ಸ್ಟಫಿಂಗ್ ಬೇಕೆನ್ನುವವರು ಬೇರೆ ಪಾತ್ರೆಯಲ್ಲಿ ಬೇಯಿಸಿಕೊಳ್ಳಲಿ. ಓವನ್ 325 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿರಲಿ, 14 ಪೌಂಡಿಗೆ ಮೂರರಿಂದ ಮೂರೂಮುಕ್ಕಾಲು ಗಂಟೆ. ಎದೆ ತೊಡೆಗಿಂತ ಬೇಗ ಬೇಯುತ್ತದೆ, ಅದು ಕೆಂಪಗಾದೊಡನೆ ಮೇಲೊಂದು ಫಾಯಿಲ್ ಹೊದಿಸಿ.

ನನ್ನ ಕಣ್ಣಳತೆಯ ಮೇಲೆ ನನಗೆ ಜಂಬ. ಆದರೂ ಟರ್ಕಿಗೆ ಥರ್ಮಾಮೀಟರ್ ಬೇಕೇ ಬೇಕು. ತೊಡೆಯ ದಪ್ಪ ಭಾಗಕ್ಕೆ ಮೂಳೆ ತಾಗದಂತೆ ಚುಚ್ಚಿ, ಎದೆಗೂ ಚುಚ್ಚಿ. ಎರಡೂ ಕಡೆ 165 ತೋರಿಸಬೇಕು. ಕೆಲವು ಟರ್ಕಿಗಳ ಎದೆಗೆ ಚುಚ್ಚಿರುವ, ಬೆಂದಾಗ ತಾನಾಗಿ ಮೇಲೇಳುವ ಪ್ಲಾಸ್ಟಿಕ್ ಗುಂಡಿಯನ್ನು ನಾನು ನಂಬುವುದಿಲ್ಲ. ಹೊರತೆಗೆದ ಮೇಲೆ ಅರ್ಧ ಗಂಟೆ ಚಾಕು ತಾಗಿಸಬೇಡಿ, ರಸವೆಲ್ಲ ಹಲಗೆಯ ಪಾಲಾಗುತ್ತದೆ. ಅಳಿಯಂದಿರು ಅವಸರ ಮಾಡಿದರೆ ಕೈಗೊಂದು ಹಪ್ಪಳ ಕೊಡಿ.

ಊಟವಾದ ಮೇಲೆ ಎರಡು ಗಂಟೆಯೊಳಗೆ ಉಳಿದ ಮಾಂಸ ಬಿಡಿಸಿ ಫ್ರಿಜ್‌ಗೆ ಸೇರಿಸಿ, ಮೂಳೆಗಳನ್ನೂ ಅಲ್ಲೇ ಇಡಿ. ಶುಕ್ರವಾರ ಅವನ್ನೇ ಕತ್ತಿನ ತುಂಡಿನೊಂದಿಗೆ ಬೇಯಿಸಿ, ಮೆಣಸು, ಕೊತ್ತಂಬರಿ, ಹುರಿದ ಕಾಯಿ ರುಬ್ಬಿಹಾಕಿ ಸಾರು ಮಾಡುತ್ತೇನೆ. ಹಬ್ಬದ ದಿನ ಎರಡು ತುಂಡಿಗೆ ಸಾಕೆಂದಿದ್ದ ನಮ್ಮ ಮನೆಯವರು ಆ ಸಾರಿಗೆ ಮೂರನೆಯ ಮುದ್ದೆ ಕೇಳುತ್ತಾರೆ.